ಹೋಟೆಲಿನಮ್ಮನ ಕೋಣೆಯಲ್ಲಿದ್ದ ಅಂಗಿ

ಹೋದ ವಾರ ಬಂಗಾರಪೇಟೆ ಬಜಾರಿನಲ್ಲಿ ರವಿಕೆ ಬಟ್ಟೆ ನೋಡುತ್ತಾ ನಿಂತಿದ್ದೆ. ಅಂಗಡಿಯವರು ಕೆಂಡಕ್ಕೆ ಲೋಬಾನ ಹಾಕಿ, ಕಪಾಟುಗಳಿಗೆಲ್ಲ ಹೊಗೆ ಹಿಡಿಯುತ್ತಾ ಬಂದರು. ಎಷ್ಟೋ ಸಲ ಮೂಗಿಗೆ ಬಡಿದ ವಾಸನೆಯೇ. ಆದರೆ ಅವತ್ತು ಹೊಗೆ ಬಟ್ಟೆಯ ಮಡಿಕೆಗೆ ಹೊಕ್ಕಿತ್ತು. ಹತ್ತಿಯ ವಾಸನೆ, ಹೊಗೆಯ ವಾಸನೆ ಎರಡೂ ಸೇರಿ ಬಂದಾಗ ನನ್ನ ಕೈ ಹಾಗೇ ನಿಂತುಬಿಟ್ಟಿತು. ಹನ್ನೆರಡು ವರ್ಷದ ಕೆಳಗೆ ಇದೇ ವಾಸನೆಯ ಒಂದು ಅಂಗಿ ಹಿಡಿದುಕೊಂಡು, ಆಫ್ರಿಕಾದ ಸಮುದ್ರದ ದಂಡೆಯಲ್ಲಿ ನಾನು ಒಬ್ಬ ಹೆಂಗಸಿನ ಮೇಲೆ ಕೂಗಾಡಿದ್ದೆ...

ನಮ್ಮನೆಯವರು ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಫಿಟ್ಟರ್ ಆಗಿದ್ದವರು. ಗಣಿ ಮುಚ್ಚಿದ ಮೇಲೆ ಅಲ್ಲಿ ಇಲ್ಲಿ ದುಡಿದು, ಕೊನೆಗೆ ತಾಂಜಾನಿಯಾದ ಚಿನ್ನದ ಗಣಿಯೊಂದಕ್ಕೆ ಹೋದರು. ಕ್ಯಾಂಪಿಗೆ ಸಂಸಾರ ಕರೆದೊಯ್ಯುವ ಹಾಗಿರಲಿಲ್ಲ. ಮೂರನೇ ವರ್ಷ ಫೋನ್ ಮಾಡಿ, "ಅತ್ತು ದಿನ ರಜ ಸಿಕ್ಕೈತೆ. ಸಮುದ್ರ ತೋರಿಸ್ತೀನಿ, ಬಾ" ಅಂದರು. ನಮ್ಮ ಗಣಿ ಲೈನಿನ ಮನೆಗಳವರೆಲ್ಲ ಸಂತೋಷಪಟ್ಟರು. ಪಕ್ಕದ ಮನೆಯಾಕೆ ಮಾತ್ರ ಕಿವಿಯ ಹತ್ತಿರ ಬಂದು, "ಅಕ್ಕಾ, ಅಷ್ಟು ದೂರ ಓದ ಗಂಡಸ್ರು ಅಲ್ಲೊಂದು ಸಂಸಾರ ಮಾಡ್ಕೊಂಡಿರ್ತಾರೆ. ಪಾತ್ತುಕ್ಕೋ, ಉಷಾರು" ಅಂದಳು. ನಕ್ಕೆ. ಆದರೆ ಆ ಮಾತು ನನ್ನ ಜೊತೆಗೇ ವಿಮಾನ ಹತ್ತಿತು.

ವಿಮಾನ ನಿಲ್ದಾಣದಲ್ಲಿ ಅವರಿರಲಿಲ್ಲ. ನನ್ನ ಹೆಸರು ಬರೆದ ರಟ್ಟು ಹಿಡಿದು ಒಬ್ಬ ಹೆಂಗಸು ನಿಂತಿದ್ದರು. ಎತ್ತರದ ಆಳು, ಐವತ್ತರ ಮೇಲಿನ ವಯಸ್ಸು, ಕಣ್ಣಿಗೆ ಕಾಡಿಗೆ. ಸಿನಿಮಾ ನೋಡಿ ಕಲಿತ ಹಿಂದಿಯಲ್ಲಿ, ನಿನ್ನ ಗಂಡನಿಗೆ ರಜ ಎರಡು ದಿನ ತಡ, ಅಲ್ಲಿ ತನಕ ನೀನು ನನ್ನ ಹೋಟೆಲಿನಲ್ಲೇ ಇರಬೇಕಂತೆ ಅಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅದನ್ನು ನಾನು ಗುರುತಿಟ್ಟುಕೊಂಡೆ.

ಹೋಟೆಲು ಅಂದರೆ ನಮ್ಮ ಕಡೆಯ ಥರದ್ದಲ್ಲ. ಹವಳದ ಕಲ್ಲಿನ ಹಳೇ ಮನೆ. ಮೊಳದಷ್ಟು ದಪ್ಪದ ಗೋಡೆ, ಮೇಲೆ ತೆಂಗಿನ ಗರಿಯ ಸೂರು, ಬಾಗಿಲಿಗೆ ಹೂಬಳ್ಳಿಯ ಕೆತ್ತನೆ, ಹಿತ್ತಾಳೆಯ ಗುಬುಟು ಮೊಳೆಗಳು. ಹೊರಗೋಡೆಗೆ ಉದ್ದಕ್ಕೂ ಕೂರುವ ತಿಣ್ಣೆ, ಒಳಗೆ ತೊಟ್ಟಿಯ ಅಂಗಳ, ಅಲ್ಲೇ ಊಟದ ಮೇಜುಗಳು. ನನ್ನ ಕೋಣೆಯ ಮಂಚದ ಮೇಲೆ ಮಲ್ಲಿಗೆ ಚೆಲ್ಲಿದ್ದರು. ಕಿಟಕಿ ತೆಗೆದರೆ ಸಮುದ್ರ. ಬೆಳಿಗ್ಗೆ ನೀರು ಗೋಡೆಯ ಹತ್ತಿರಕ್ಕೇ ಬರುತ್ತಿತ್ತು, ಮಧ್ಯಾಹ್ನ ನೋಡಿದರೆ ಒಂದು ಮೈಲಿ ಆಚೆ ಹೋಗಿರುತ್ತಿತ್ತು. ಹಾಯಿದೋಣಿಗಳು ಕೆಸರಿನಲ್ಲಿ ವಾಲಿಕೊಂಡು ಕೂತಿರುತ್ತಿದ್ದವು. ಇಷ್ಟು ಚೆಂದದ ಜಾಗದಲ್ಲಿ ನನಗೆ ಒಂದು ತುತ್ತೂ ಸರಿಯಾಗಿ ಇಳಿಯಲಿಲ್ಲ.

ಅಲ್ಲಿಯವರೆಲ್ಲ ಆಕೆಯನ್ನು "ಮಾಮಾ" ಅನ್ನುತ್ತಿದ್ದರು. ಅವರ ಭಾಷೆಯಲ್ಲಿ ಹಾಗಂದರೆ ಅಮ್ಮ. ನನ್ನ ಬಾಯಿಗೆ ಅದು ಬರಲಿಲ್ಲ. ಮನಸ್ಸಿನಲ್ಲಿ ಹೋಟೆಲಿನಮ್ಮ ಅಂದುಕೊಂಡೆ. ಬಂದ ದಿನವೇ ನನ್ನ ಪಾಸ್‌ಪೋರ್ಟು ಇಸಕೊಂಡು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಫೋನ್ ಬಂದರೆ ನನ್ನನ್ನು ನೋಡಿ ಎದ್ದು ಹೊರಗೆ ಹೋಗುತ್ತಿದ್ದರು. ನಾಲ್ಕು ಗಂಟೆ ಆಯಿತೆಂದರೆ ಕಪ್ಪು ಬುರ್ಖಾ ತೊಟ್ಟು, ಮುಚ್ಚಳದ ಪಾತ್ರೆ ಹಿಡಿದು ಹೊರಡುವರು. ಎಲ್ಲಿಗೆ ಅಂದರೆ "ಬಜಾರ್." ವಾಪಸ್ಸು ಬರುವಾಗ ಕೈಯಲ್ಲಿ ಅದೇ ಪಾತ್ರೆ, ಖಾಲಿ. ಒಂದು ಸೊಪ್ಪಿನ ಕಟ್ಟೂ ಇಲ್ಲ.

ಮೂರನೇ ದಿನ ನಮ್ಮನೆಯವರು ಫೋನಿಗೆ ಸಿಕ್ಕರು. ದನಿ ಬಾವಿಯೊಳಗಿಂದ ಬಂದಂಗಿತ್ತು.

"ಇನ್ನೆರಡು ದಿನ ಕಣೇ. ಕೆಲ್ಸ ಮುಗಿದೇಟ್ಗೆ ಬತ್ತೀನಿ."

"ಎಲ್ಲಿದ್ದೀರ ನೀವು?"

"ಕ್ಯಾಂಪಲ್ಲಿ, ಇನ್ನೆಲ್ಲಿ?"

ಹಿಂದೆ ಯಾವಳೋ ಹೆಂಗಸು ಮೆತ್ತಗೆ ಅವರಿಗೆ ಏನೋ ಹೇಳಿದಳು. ಫೋನ್ ಕಟ್ಟಾಯಿತು.

ಐದನೇ ದಿನ ನಾಲ್ಕು ಗಂಟೆಗೆ ಮುಂಚೆ, ಆಕೆ ಅಡುಗೆಮನೆಯಲ್ಲಿದ್ದಾಗ, ನಾನು ಆಕೆಯ ಕೋಣೆಗೆ ನುಗ್ಗಿದೆ. ಏನು ಹುಡುಕುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ. ಮಂಚದ ಪಕ್ಕದ ಬುಟ್ಟಿಯಲ್ಲಿ ಒಗೆದು ಮಡಚಿಟ್ಟ ಗಂಡಸರ ಅಂಗಿ. ನೀಲಿ ಗೆರೆಯದು. ಕಾಲರಿನ ಗುಂಡಿ ನಾನೇ ಹೊಲಿದದ್ದು, ದಾರ ಬೇರೆ ಬಣ್ಣ. ಮೂಗಿಗೆ ಹಿಡಿದೆ. ಆಕೆಯ ಬಟ್ಟೆಗಳಿಂದ ಬರುತ್ತಿದ್ದ ಅದೇ ಧೂಪದ ವಾಸನೆ.

ಅಂಗಿ ಹಿಡಿದುಕೊಂಡೇ ತೊಟ್ಟಿಗೆ ಬಂದೆ. ಕನ್ನಡದಲ್ಲಿ ಬೈದೆ, ತಮಿಳಿನಲ್ಲಿ ಬೈದೆ, ತೆಲುಗಿನಲ್ಲಿ ಬೈದೆ. "ನನ್ನ ಗಂಡನ್ನ ಎಲ್ಲಿ ಬಚ್ಚಿಟ್ಟಿದ್ದೀಯೇ?" ಅಂದೆ. ಹೆಂಗಸು ಹೆಂಗಸಿಗೆ ಅನ್ನಬಾರದ ಒಂದು ಮಾತನ್ನೂ ಅಂದೆ. ಊಟ ಮಾಡುತ್ತಿದ್ದವರು ತಿರುಗಿ ನೋಡಿದರು. ಆ ಮಾತು ಯಾವ ಭಾಷೆಯಲ್ಲಿ ಅಂದರೂ ತಿಳಿಯುತ್ತದೆ. ಆಕೆಗೆ ತಿಳಿಯಿತು. ಬುರ್ಖಾ ಹಾಕಿಕೊಂಡು, ಪಾತ್ರೆ ಎತ್ತಿಕೊಂಡು, "ಚಲೋ" ಅಂದರು.

ಆಟೋದಲ್ಲಿ ಹೋದದ್ದು ಆಸ್ಪತ್ರೆಗೆ.

ನಮ್ಮನೆಯವರ ಬಲಗಾಲು ಕಬ್ಬಿಣದ ಚೌಕಟ್ಟಿನಲ್ಲಿತ್ತು. ನನ್ನನ್ನು ಕರೆತರುವುದಕ್ಕೆಂದು ಒಂದು ದಿನ ಮುಂಚೆಯೇ ಬಂದಿಳಿದಿದ್ದರಂತೆ. ರಸ್ತೆಯಲ್ಲಿ ಲಾರಿ ಹೊಡೆದಿತ್ತು. ಗಣಿಯ ಯಂತ್ರಗಳ ಬಿಡಿಭಾಗ ತರಲು ಆ ಊರಿಗೆ ಬಂದಾಗಲೆಲ್ಲ ಆ ಹೋಟೆಲಿನಲ್ಲೇ ಇಳಿಯುತ್ತಿದ್ದವರು, ಹಾಗಾಗಿ ಸುದ್ದಿ ಹೋದದ್ದು ಆಕೆಗೆ. ಕಾಲು ಉಳಿಯುತ್ತದೋ ಇಲ್ಲವೋ ಡಾಕ್ಟರು ಹೇಳಿರಲಿಲ್ಲ. ಅದು ಗೊತ್ತಾಗುವ ತನಕ ಅವಳಿಗೆ ಹೇಳಬೇಡಿ, ಭಾಷೆ ಬರದ ಊರಿನಲ್ಲಿ ಒಬ್ಬಳೇ ಎದೆ ಒಡೆದುಕೊಳ್ಳುತ್ತಾಳೆ ಎಂದು ಆಕೆಯಿಂದ ಆಣೆ ಹಾಕಿಸಿಕೊಂಡವರು ನಮ್ಮನೆಯವರೇ. ಫೋನಿನಲ್ಲಿ ಕೇಳಿದ್ದು ನರ್ಸಿನ ದನಿ. ಅವರ ಅಂಗಿ ಒಗೆದು, ತನ್ನ ಬಟ್ಟೆಗಳ ಜೊತೆ ಧೂಪದ ಹೊಗೆ ಹಿಡಿದು ಇಟ್ಟಿದ್ದರು ಆಕೆ.

"ಅಳ್ಬೇಡ ಕಣೇ," ಅಂದರು. "ಕಾಲು ಐತೆ. ತೆಗೆಯಲ್ವಂತೆ, ಬೆಳಿಗ್ಗೆ ಯೇಳಿದ್ರು."

ಹೋಟೆಲಿನಮ್ಮ ಪಾತ್ರೆಯ ಮುಚ್ಚಳ ತೆಗೆದು, ಗಂಜಿಯನ್ನೂ ಚಮಚವನ್ನೂ ನನ್ನ ಕೈಗೆ ಕೊಟ್ಟು, ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು.

ಇನ್ನೂ ಮೂರು ವಾರ ಆ ಮನೆಯಲ್ಲಿದ್ದೆ. ಆಕೆ ಮೊದಲಿನ ಹಾಗೇ ಮಲ್ಲಿಗೆ ಚೆಲ್ಲಿಸಿದರು, ಮೀನಿನ ಸಾರಿಗೆ ತೆಂಗಿನ ಹಾಲು ಹಾಕಿದರು, ನಮ್ಮ ಮುದ್ದೆಯ ಥರದ ಬಿಳೀ ಮುದ್ದೆ ತಿನ್ನಿಸಿದರು. ಆದರೆ ನನ್ನ ಪಕ್ಕದಲ್ಲಿ ಕೂರಲಿಲ್ಲ. ಹೊರಡುವ ದಿನ ಪಾಸ್‌ಪೋರ್ಟು ಕೈಗಿಟ್ಟಾಗ ತಪ್ಪಾಯಿತು ಅನ್ನಬೇಕೆಂದುಕೊಂಡೆ. ಟ್ಯಾಕ್ಸಿ ಹಾರನ್ ಮಾಡಿತು. ಫೋನಿನಲ್ಲಿ ಹೇಳಿದರಾಯಿತು ಅಂದುಕೊಂಡೆ. ಆಮೇಲೆ ವರ್ಷಕ್ಕೊಮ್ಮೆ ಫೋನ್ ಮಾಡಿದರೂ, ಕಾಲು ಹೇಗಿದೆ, ಮಳೆ ಬಂತಾ, ಅಷ್ಟರಲ್ಲೇ ಮಾತು ಮುಗಿಯುತ್ತಿತ್ತು... ಎರಡು ವರ್ಷದ ಕೆಳಗೆ ಆಕೆಯ ಮಗಳು ಫೋನ್ ತೆಗೆದಳು. ನಮ್ಮನೆಯವರು ಕೇಳಿಸಿಕೊಂಡು, ಫೋನ್ ಇಟ್ಟು, "ಓಗ್ಬಿಟ್ರಂತೆ" ಅಂದರು.

ಅಂಗಡಿಯಿಂದ ಮನೆಗೆ ಬಂದು, ನಮ್ಮನೆಯವರಿಗೆ ಎಲ್ಲ ಹೇಳಿದೆ. ತೊಟ್ಟಿಯಲ್ಲಿ ಕೂಗಾಡಿದ್ದು, ಎಲ್ಲರೆದುರು ಆ ಮಾತು ಅಂದದ್ದು. ಅವರಿಗೆ ಅದೇನೂ ಗೊತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಆಕೆ ಒಂದು ಸಲವೂ ಬಾಯಿ ಬಿಟ್ಟಿರಲಿಲ್ಲ.

ಬಲಗಾಲು ನೀವಿಕೊಳ್ಳುತ್ತಾ ಕೇಳಿಸಿಕೊಂಡರು. ಆಮೇಲೆ ಅಂದರು, "ನಂಗ್ಯಾಕೆ ಯೇಳ್ತೀಯ ಇದ್ನ? ಕೇಳಿಸ್ಕೋಬೇಕಾಗಿದ್ದೋರು ಒಂಟೋದ್ರಲ್ಲೇ..."

ಅಷ್ಟು ಹೇಳಿ ಮುಖ ಆ ಕಡೆ ತಿರುಗಿಸಿಕೊಂಡರು.