ಡೇರೆಯ ಹಿಂದೆ ನೀರು ಕೇಳಿದವಳು

ದೆವ್ವ ಕಂಡೆ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನಮ್ಮ ಬೀದಿಯಲ್ಲಿ ದೆವ್ವ ಕಾಣದ ಮನೆಯೇ ಇರಲಿಲ್ಲ. ಹುಣಿಸೇಮರದ ಕೆಳಗೆ ಕಂಡವರಿದ್ದರು, ಕೆರೆ ಏರಿಯ ಮೇಲೆ ಕಂಡವರಿದ್ದರು, ಗಂಡಸರು ತಡವಾಗಿ ಮನೆಗೆ ಬಂದ ದಿನವಂತೂ ದಾರಿಯಲ್ಲಿ ತಪ್ಪದೆ ಒಂದು ದೆವ್ವ ಅಡ್ಡಗಟ್ಟಿರುತ್ತಿತ್ತು. ಇಂಥ ಮಾತು ಕೇಳುವಾಗ ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ನಗು ನುಂಗಿಕೊಳ್ಳುತ್ತಿದ್ದೆ. ಆದ್ದರಿಂದ ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಮಾಡಿದ್ದುಣ್ಣೋ ಮಾರಾಯ ಎಂದುಕೊಳ್ಳುತ್ತೇನೆ. ಆದರೆ ಇದು ನಡೆದದ್ದು ರಾತ್ರಿಯಲ್ಲ. ಮಟಮಟ ಮಧ್ಯಾಹ್ನ, ಊರಿನ ಅರ್ಧ ಜನ ಪಕ್ಕದಲ್ಲೇ ಕೂತು ಚಪ್ಪಾಳೆ ತಟ್ಟುತ್ತಿದ್ದಾಗ.

ಯುದ್ಧದ ಕಾಲ. ನಾನು ದೊಡ್ಡಬಳ್ಳಾಪುರದ ನೇಕಾರರ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತೋ ಮೂರೋ. ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿದ್ದರಿಂದ ನಾಟಕದವರು, ಸರ್ಕಸ್ಸಿನವರು ಎಲ್ಲರೂ ಹಗಲಲ್ಲೇ ಆಟ ಆಡುತ್ತಿದ್ದರು. ಹಾಗೆ ಹಗಲಾಟಕ್ಕೆಂದು ಬಂದು ಸಂತೆ ಮೈದಾನದಲ್ಲಿ ಡೇರೆ ಹಾಕಿದವಳು ಮಿಸ್ ಚಂದ್ರಾ. ಮಿಸ್ ಎಂದರೆ ಮದುವೆಯಾಗದವಳು ಎಂದು ನಮಗಾರಿಗೂ ಗೊತ್ತಿರಲಿಲ್ಲ. ಅವಳ ಗಂಡ ವೆಂಕಟಸ್ವಾಮಿಯೇ ಗಾಡಿಯ ಮೇಲೆ ನಿಂತು, ತಮಟೆ ಬಡಿಸುತ್ತಾ, ‘ಮಿಸ್ ಚಂದ್ರಾ, ಮಿಸ್ ಚಂದ್ರಾ’ ಎಂದು ಊರೆಲ್ಲ ಕೂಗಿಕೊಂಡು ಬಂದಿದ್ದ. ಟೋಪಿಯಿಂದ ಪಾರಿವಾಳ ತೆಗೆಯುವುದು, ಬೆಂಕಿ ನುಂಗುವುದು ಇವೆಲ್ಲ ಇದ್ದವು. ಆದರೆ ಜನ ಬರುತ್ತಿದ್ದದ್ದು ಕಡೆಯ ಆಟಕ್ಕೆ. ಊರಿನವರೇ ತಂದ ಹಗ್ಗದಿಂದ ಅವಳ ಕೈಗಳನ್ನು ಹಿಂದಕ್ಕೆ ಕಟ್ಟಿ, ಬಾಯಿಗೆ ಬಟ್ಟೆ ಬಿಗಿದು, ಮರದ ಪೆಟ್ಟಿಗೆಯೊಳಗೆ ಕೂರಿಸಿ, ಬೀಗ ಹಾಕಿ, ಬೀಗದ ಕೈಯನ್ನು ಊರ ಯಜಮಾನರಿಗೆ ಕೊಡುತ್ತಿದ್ದರು. ಪೆಟ್ಟಿಗೆಯ ಮುಂದೆ ಪರದೆ ಎಳೆದು ಹಾರ್ಮೋನಿಯಂ ಬಾರಿಸುತ್ತಿದ್ದರು. ಹಾಡು ಮುಗಿಯುವಷ್ಟರಲ್ಲಿ ಅವಳು ಪರದೆ ಸರಿಸಿ ಬಂದು ಕೈ ಮುಗಿಯುತ್ತಿದ್ದಳು.

ಛತ್ರದಲ್ಲಿ ಸಿಪಾಯಿಗಳು ತುಂಬಿದ್ದರೆಂದು ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಯ ಪಡಸಾಲೆಯಲ್ಲಿ ಉಳಿದುಕೊಂಡರು. ಮನೆಯಲ್ಲಿ ಅವಳು ಮಿಸ್ಸೂ ಅಲ್ಲ, ಚಂದ್ರಾನೂ ಅಲ್ಲ, ಬರೀ ನರಸಮ್ಮ. ನಮ್ಮತ್ತೆಯ ಜೊತೆ ಕೂತು ರಾಗಿ ಕೇರುತ್ತಿದ್ದಳು. ಮೂವತ್ತೈದು ದಾಟಿರಬೇಕು. ಬಣ್ಣ ತೊಳೆದರೆ ಇನ್ನೂ ಹೆಚ್ಚು ಕಾಣುತ್ತಿತ್ತು. ಎಳವೆಯಲ್ಲೇ ತಂದೆತಾಯಿ ಸತ್ತು, ಬೆಂಗಳೂರಿನ ದಂಡಿನ ಕಡೆ ಒಂದು ಸರ್ಕಸ್ಸಿಗೆ ಸೇರಿದಳಂತೆ. ಅಲ್ಲಿ ಅವಳನ್ನು ಹಂಡೆಯೊಳಗೆ ಮಡಿಸಿ ಕೂರಿಸುತ್ತಿದ್ದರಂತೆ. ದೊಡ್ಡವಳಾದ ಮೇಲೆ ಹಂಡೆ ಸಾಲದೆ ಪೆಟ್ಟಿಗೆ ಬಂತು ಎಂದು ನಗುತ್ತಾ ಹೇಳಿದಳು. ಕಟ್ಟು ಬಿಡಿಸಿಕೊಳ್ಳುವುದನ್ನು ಅವಳಿಗೆ ಯಾರೂ ಕಲಿಸಲಿಲ್ಲ. ತಪ್ಪು ಮಾಡಿದಾಗ ಕಂಬಕ್ಕೆ ಕಟ್ಟುತ್ತಿದ್ದರು, ಹಾಗೆ ಕಲಿತದ್ದು.

ಒಂದು ಮಧ್ಯಾಹ್ನ ನಾನು ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಮುಂಗೈ ಎರಡನ್ನೂ ನನ್ನ ಮುಂದೆ ಚಾಚಿದಳು. ಒಂದರ ಮೇಲೊಂದು ಗುರುತು, ಕೆಲವು ಬೆಳ್ಳಗೆ, ಕೆಲವು ಕಪ್ಪಗೆ. ‘ಇದು ದೇವನಹಳ್ಳಿ, ಗಾಡಿ ಹಗ್ಗ. ಇದು ಹೊಸಕೋಟೆ, ಬಾವಿ ಹಗ್ಗ. ಇದು ನೆಲಮಂಗಲ, ಪೊಲೀಸಿನೋರ ಬೇಡಿ’ ಎಂದು, ನಾವು ಬಳೆ ತೋರಿಸುವ ಹಾಗೆ ತೋರಿಸಿದಳು. ನನಗೆ ಅಳು ಬಂತು. ಅವಳು ನನ್ನ ಗಲ್ಲ ಹಿಂಡಿ, ‘ಅಳ್ಬೇಡ ಕಣಮ್ಮ. ಯಾರು ಎಷ್ಟೇ ಬಿಗೀಲಿ, ಗಂಟು ಅಂದ್ಮೇಲೆ ಅದಕ್ಕೊಂದು ಬಾಯಿ ಇದ್ದೇ ಇರುತ್ತೆ. ಬಾಯಿ ಸಿಕ್ತು ಅಂದ್ರೆ ಬಿಚ್ಚುತ್ತೆ’ ಎಂದಳು.

‘ಇನ್ನೆಷ್ಟು ದಿನ ಅಕ್ಕಾ ಹಿಂಗೆ?’ ಎಂದೆ.

‘ಬಿಡಿಸ್ಕೊಂಡ್ರೆ ಮುಂದಿನೂರು. ಆಗ್ಲಿಲ್ಲ ಅಂದ್ರೆ ಅವತ್ತಿಗೆ ಮುಗೀತು. ನೋಡೋಕೆ ಬರೋರಿಗೂ ಅದೇ ಬೇಕು, ನಾನು ಬಿಡಿಸ್ಕೋಬಾರ್ದು. ಅದನ್ನ ನೋಡೋಕೇ ಟಿಕೀಟು ತಗೊಳ್ಳೋದು.’

ಇದನ್ನು ಅವಳು ದುಃಖದಿಂದಲೂ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ನಾಳೆ ಸಂತೆ ಎಂದು ಹೇಳುವ ಹಾಗೆ ಹೇಳಿದಳು.

ಮೊದಲ ದಿನಗಳ ಆಟದಲ್ಲಿ ಊರು ಸೋತಿತು. ಹೆಣ್ಣುಮಗಳನ್ನು ಹೆಣ್ಣುಮಕ್ಕಳೇ ಕಟ್ಟಬೇಕು ಎಂದು ವೆಂಕಟಸ್ವಾಮಿಯ ಕಟ್ಟಳೆ. ನಮ್ಮ ಬೀದಿಯ ಗಟ್ಟಿಗಿತ್ತಿಯರೆಲ್ಲ ಸೊಂಟಕ್ಕೆ ಸೆರಗು ಸಿಕ್ಕಿಸಿ ಹೋಗಿ, ಎತ್ತಿನ ಹಗ್ಗದಲ್ಲಿ ಬಿಗಿದು ಬಂದರು. ಅವಳು ಹಾಡು ಅರ್ಧವಾಗುವ ಮೊದಲೇ ಹೊರಗೆ ಬಂದಳು. ವೆಂಕಟಸ್ವಾಮಿಗೆ ಅಷ್ಟಕ್ಕೇ ಸುಮ್ಮನಿರಲು ಬರಬೇಕಲ್ಲ. ‘ಸೀರೆ ನೇಯೋ ಊರು ಅಂದ್ರು. ಒಂದು ಗಂಟು ಹಾಕೋರು ಇಲ್ವೇನ್ರಪ್ಪಾ ಇಲ್ಲಿ?’ ಎಂದು ಡೇರೆಯಲ್ಲೇ ಕೇಳಿಬಿಟ್ಟ. ಗಂಡಸರ ಮುಖ ಸಣ್ಣದಾಯಿತು. ಮಾರನೆಯ ಬೆಳಗ್ಗೆ ಯಜಮಾನರೇ ನಮ್ಮ ಮನೆಗೆ ಬಂದು, ಇವತ್ತಿನ ಆಟದಲ್ಲಿ ನೀವೇ ಕಟ್ಟಬೇಕಮ್ಮಾ ಎಂದು ನಮ್ಮತ್ತೆಯನ್ನು ಕೇಳಿಕೊಂಡರು.

ಯಾಕೆಂದು ಹೇಳಬೇಕು. ಮಗ್ಗದಲ್ಲಿ ಒಂದು ಹಾಸು ನೇಯ್ದು ಮುಗಿದಾಗ ಅದರ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು. ಕೆಚ್ಚುವುದು ಎನ್ನುತ್ತೇವೆ. ಗಂಟು ಹಾಕುವಂತಿಲ್ಲ, ಗಂಟು ಹಾಕಿದರೆ ಮಗ್ಗದ ಅಚ್ಚಿನ ಹಲ್ಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಒಲೆಯ ಬೂದಿ ಮುಟ್ಟಿಸಿಕೊಂಡು, ಎರಡು ತುದಿಗಳನ್ನು ಸೇರಿಸಿ ಹೊಸೆದುಬಿಡುವುದು. ಎಳೆದಷ್ಟೂ ಬಿಗಿಯುತ್ತದೆ. ಎಲ್ಲಿ ಸೇರಿತು ಎಂದು ಕಣ್ಣಿಗೂ ಕಾಣದು, ಕೈಗೂ ಸಿಗದು. ಈ ಕೆಲಸದಲ್ಲಿ ನಮ್ಮತ್ತೆಯ ಕೈ ಊರಿಗೇ ಹೆಸರಾಗಿತ್ತು.

ಆ ದಿನ ಬೆಂಕಿಯಂಥ ಬಿಸಿಲು. ಡೇರೆಯ ಒಳಗೆ ಉಸಿರಾಡಿದರೆ ಬಿಸಿ ಹೊಗೆ ಎಳೆದ ಹಾಗಿತ್ತು. ಅತ್ತೆ ರೇಷ್ಮೆಯ ಹುರಿ ಹಿಡಿದು ರಂಗದ ಮೇಲೆ ಹೋದರು. ನರಸಮ್ಮ ಅವರ ಕಾಲಿಗೆ ನಮಸ್ಕಾರ ಮಾಡಿ ತಿರುಗಿ ನಿಂತಳು. ಅತ್ತೆ ಹುರಿಯನ್ನು ಮುಂಗೈಗೆ ಸುತ್ತಿದರು. ಆಮೇಲೆ ಅವರ ಕೈ ಸೊಂಟದ ಗಂಟಿಗೆ ಹೋಗಿ ಬಂತು, ಬೆರಳಿನ ತುದಿ ಬೂದಿಯಿಂದ ಬೆಳ್ಳಗಾಗಿದ್ದು ಹೆಂಗಸರ ಕಡೆ ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಕಂಡಿತು. ಹುರಿಯ ತುದಿಗಳನ್ನು ಬಿಡಿಸಿ, ಎಳೆಗೆ ಎಳೆ ಕೂಡಿಸಿ ಹೊಸೆಯತೊಡಗಿದರು. ನರಸಮ್ಮನ ಬಾಯಿಗೆ ಆಗಲೇ ಬಟ್ಟೆ ಬಿಗಿದಿದ್ದರು. ಅತ್ತೆಯ ಮುಖದಲ್ಲಿ ಹಗೆ ಇರಲಿಲ್ಲ. ಮಗ್ಗದ ಮುಂದೆ ಕೂತಾಗ ಇರುತ್ತಿದ್ದ ಮುಖವೇ ಇತ್ತು.

ಪೆಟ್ಟಿಗೆ ಮುಚ್ಚಿ ಬೀಗ ಹಾಕಿದರು. ಹಾರ್ಮೋನಿಯಂ, ತಬಲಾ, ಜೊತೆಗೆ ಹುಡುಗರ ಸಿಳ್ಳೆ. ನನಗೆ ನರಸಮ್ಮನ ಮಾತು ನೆನಪಾಯಿತು. ಅದು ಗಂಟಲ್ಲ, ಅದಕ್ಕೆ ಬಾಯಿ ಇಲ್ಲ, ಈಕೆ ಏನನ್ನು ಹುಡುಕುತ್ತಾಳೆ? ಪಕ್ಕದವಳಿಗೆ ಹೇಳಿದೆ. ‘ಸುಮ್ನೆ ಕೂತ್ಕೊಳೇ, ಇವತ್ತಾದ್ರೂ ನಮ್ಮೂರು ಗೆಲ್ಲಲಿ’ ಎಂದಳು. ನಾನು ಎದ್ದೆ. ಹೆಂಗಸರ ಕಡೆಯ ತಟ್ಟಿ ಸರಿಸಿ ಹೊರಬಿದ್ದು, ಹಿಂದಿನಿಂದ ಹೋಗಿ ವೆಂಕಟಸ್ವಾಮಿಯನ್ನು ಕರೆದು, ಪೆಟ್ಟಿಗೆ ತೆಗೆಸಬೇಕೆಂದು ಡೇರೆಯನ್ನು ಬಳಸಿಕೊಂಡು ಓಡಿದೆ.

ಡೇರೆಯ ಹಿಂದೆ, ನೀರಿನ ಪೀಪಾಯಿಯ ಪಕ್ಕದಲ್ಲಿ, ಬಿದಿರಿನ ಮಕ್ಕರಿಯೊಂದನ್ನು ಬೋರಲು ಹಾಕಿ ಅದರ ಮೇಲೆ ನರಸಮ್ಮ ಕೂತಿದ್ದಳು.

ಪೆಟ್ಟಿಗೆಯೊಳಗೆ ಕೂರುವಾಗ ತೊಟ್ಟಿದ್ದ ಅದೇ ಹಸಿರು ಸೀರೆ, ಜರತಾರಿ ಕುಪ್ಪಸ. ಬಾಯಿಯ ಬಟ್ಟೆ ಇರಲಿಲ್ಲ. ಕೈಗಳು ಮಡಿಲಲ್ಲಿದ್ದವು. ನನಗೆ ಹೋದ ಜೀವ ಬಂದಂತಾಯಿತು. ‘ಬಿಡಿಸ್ಕೊಂಡ್ರಾ ಅಕ್ಕಾ!’ ಎಂದು ಕೂಗಿಯೇಬಿಟ್ಟೆ. ಅವಳು ನನ್ನತ್ತ ನೋಡಿ, ‘ಕುಡಿಯೋಕೆ ನೀರು ಕೊಡಮ್ಮ’ ಎಂದಳು. ನಾನು ಚೊಂಬು ತುಂಬಿಕೊಂಡು ಅವಳ ಬೊಗಸೆಗೆ ಹೊಯ್ದೆ. ಕುಡಿದಳು. ಮತ್ತೆ ಹೊಯ್ದೆ, ಮತ್ತೆ ಕುಡಿದಳು. ನೀರು ಗಲ್ಲದಿಂದ ಇಳಿದು ಕುಪ್ಪಸ ನೆನೆಯಿತು. ಬೊಗಸೆಯ ಕಡೆಗೇ ನೋಡುತ್ತಿದ್ದ ನನಗೆ ಅವಳ ಮುಂಗೈ ಎಷ್ಟು ನುಣುಪಾಗಿದೆ ಎನ್ನಿಸಿತು. ಅಷ್ಟೇ, ಎನ್ನಿಸಿತು. ಒಂದು ಗುರುತೂ ಇರಲಿಲ್ಲ ಎಂಬುದು ಆಮೇಲೆ ಹೊಳೆದದ್ದು. ಹಗ್ಗದ ಕಲೆ, ಬೇಡಿಯ ಕಲೆ ಯಾವುದೂ ಇಲ್ಲದೆ, ಹೊಕ್ಕುಳು ಬಿದ್ದ ಕೂಸಿನ ಕೈಯಂತಿತ್ತು.

‘ನಿಮ್ಮತ್ತೆ ಕೈ ಚೆನ್ನಾಗಿದೆ’ ಎಂದಳು. ಆಮೇಲೆ, ‘ಒಳಗೆ ಯಾರ್ಗೂ ಹೇಳ್ಬೇಡ. ನಾನು ಇನ್ನೊಂದು ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀನಿ. ಹೋಗು, ನಿನ್ನ ಜಾಗಕ್ಕೆ ಹೋಗು’ ಎಂದಳು.

ನಾನು ಹೋದೆ. ನನ್ನ ಜಾಗದಲ್ಲಿ ಯಾರಿದ್ದರೂ ಹೋಗುತ್ತಿದ್ದರು.

ಮುಂದಿನದನ್ನು ಬರೆಯುವುದು ಕಷ್ಟ. ಹಾಡು ಮುಗಿಯಿತು, ಅವಳು ಬರಲಿಲ್ಲ. ಇನ್ನೊಂದು ಹಾಡು ಶುರು ಮಾಡಿದರು. ಜನ ಕೇಕೆ ಹಾಕಿದರು. ವೆಂಕಟಸ್ವಾಮಿ ಪರದೆಯೊಳಗೆ ಹೋಗಿ ಬಂದ, ಮುಖದಲ್ಲಿ ನಗುವಿತ್ತು. ಮತ್ತೆ ಹೋಗಿ ಬಂದ, ಆಗ ಇರಲಿಲ್ಲ. ಬೀಗದ ಕೈ ಕೊಡಿ ಎಂದು ಕೈ ಚಾಚಿದ. ಯಜಮಾನರು, ‘ಸೋತೆ ಅಂತ ಒಪ್ಕೊಳಯ್ಯಾ, ಕೊಡ್ತೀನಿ’ ಎಂದು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಡೇರೆಯೆಲ್ಲ ನಕ್ಕಿತು. ನಾನೂ ನಕ್ಕೆ. ಎಲ್ಲರಿಗಿಂತ ಹೆಚ್ಚಾಗಿ ನಕ್ಕವಳು ನಾನೇ ಇರಬೇಕು. ಖಾಲಿ ಪೆಟ್ಟಿಗೆಗೆ ಇಷ್ಟೊಂದು ಒದ್ದಾಡುತ್ತಿದ್ದಾರಲ್ಲ, ಗಂಡನಿಗೂ ಹೇಳದೆ ಹೊಸ ಆಟ ಕಟ್ಟಿದ್ದಾಳಲ್ಲ ಎಂದು. ಪಕ್ಕದವಳ ಕಿವಿಯಲ್ಲಿ, ‘ಒಳಗೆ ಯಾರೂ ಇಲ್ಲ ಕಣೇ’ ಎಂದೆ.

ವೆಂಕಟಸ್ವಾಮಿ ಯಜಮಾನರ ಕಾಲು ಹಿಡಿದ ಮೇಲೆ ಕೀಲಿ ಸಿಕ್ಕಿತು. ಪೆಟ್ಟಿಗೆ ತೆಗೆದರು. ನರಸಮ್ಮ ಒಳಗೇ ಇದ್ದಳು. ಮಂಡಿಗೆ ತಲೆ ಊರಿಕೊಂಡು, ಕೈ ಹಿಂದಕ್ಕೆ ಕಟ್ಟಿದ ಹಾಗೇ, ಬಾಯಿಗೆ ಬಟ್ಟೆ ಬಿಗಿದ ಹಾಗೇ ಇದ್ದಳು. ಜೀವ ಇರಲಿಲ್ಲ. ಕೈ ಬಿಡಿಸಿದ ಮೇಲೆ ಒಳಗಿನಿಂದ ಮಾತ್ರ ಸರಿಸಬಹುದಾದ ಹಲಗೆಯೊಂದು ಆ ಪೆಟ್ಟಿಗೆಯಲ್ಲಿತ್ತಂತೆ. ಕೈ ಬಿಡಿಸಿಕೊಳ್ಳಲಾಗದೆ ಅದು ಮುಚ್ಚಿದ ಹಾಗೇ ಉಳಿದಿತ್ತು. ಬೆವರಿಗೆ ನೆನೆದ ರೇಷ್ಮೆ ಮಾಂಸದೊಳಕ್ಕೆ ಇಳಿದು ಮುಂಗೈ ಕಪ್ಪಾಗಿತ್ತು. ದಫೇದಾರ ಬಂದು ಚಾಕುವಿನಿಂದ ಕತ್ತರಿಸಿ ತೆಗೆಯಬೇಕಾಯಿತು.

ನಾನು ಡೇರೆಯ ಹಿಂದಕ್ಕೆ ಓಡಿದೆ. ಮಕ್ಕರಿ ಬೋರಲಾಗಿ ಬಿದ್ದಿತ್ತು. ಅದರ ಮುಂದೆ ನೆಲ ಒದ್ದೆಯಾಗಿತ್ತು. ನಾನೇ ಚೆಲ್ಲಿದ ನೀರಿರಬಹುದು, ಪೀಪಾಯಿ ಸೋರಿದ್ದೂ ಇರಬಹುದು. ಶವವನ್ನು ಈಚಲು ಚಾಪೆಯ ಮೇಲೆ ಮಲಗಿಸಿದಾಗ ಕುಪ್ಪಸದ ಮುಂಭಾಗವೆಲ್ಲ ಒದ್ದೆ. ಬೆವರು ಎಂದರು. ಅಂಥ ಸೆಕೆಯಲ್ಲಿ ಬೆವರೇ ಇರಬಹುದು.

ನಮ್ಮತ್ತೆಯನ್ನು ಯಾರೂ ಏನೂ ಅನ್ನಲಿಲ್ಲ. ದಫೇದಾರ ಕೇಳಿದ್ದಕ್ಕೆ ಅವರು, ‘ಕಟ್ಟು ಅಂದ್ರು, ಕಟ್ದೆ. ಬಿಚ್ಚೋ ಹಂಗೆ ಕಟ್ಟೋದು ನಂಗೆ ಬರಲ್ಲ ಕಣಪ್ಪಾ’ ಎಂದರು. ಅದು ನಿಜವಾಗಿತ್ತು. ಬಿಟ್ಟುಹೋಗುವ ಕೆಚ್ಚನ್ನು ಅವರು ಜನ್ಮದಲ್ಲಿ ಹಾಕಿದವರಲ್ಲ. ಆ ರಾತ್ರಿ ಅವರು ಊಟ ಮಾಡಲಿಲ್ಲ. ಬೂದಿಯ ಬೆರಳುಗಳನ್ನು ಹಿತ್ತಿಲಲ್ಲಿ ತೊಳೆಯುತ್ತಲೇ ಇದ್ದರು.

ಮಣ್ಣು ಮಾಡಿ ಬಂದ ಮೇಲೆ ನಾನು ಧೈರ್ಯ ಮಾಡಿ ವೆಂಕಟಸ್ವಾಮಿಯನ್ನು ಕೇಳಿದೆ. ‘ಅಣ್ಣಾ, ನರಸಮ್ಮಕ್ಕಂಗೆ ಅಕ್ಕನೋ ತಂಗಿಯೋ ಇದ್ರಾ? ಅವರ ಹಾಗೇ ಇರೋರು?’ ಮ್ಯಾಜಿಕ್ಕಿನವರು ಅಂಥ ಜೋಡಿಯನ್ನು ಇಟ್ಟುಕೊಂಡಿರುತ್ತಾರೆಂದು ಯಾರೋ ಹೇಳಿದ್ದರು. ಆತ, ‘ಅಂಥವಳೊಬ್ಬಳು ಇದ್ದಿದ್ರೆ ಇವಳನ್ನ ನಿಜವಾಗ್ಲೂ ಯಾಕಮ್ಮ ಕಟ್ಟಿಸ್ತಿದ್ದೆ?’ ಎಂದ. ಅಷ್ಟು ಹೇಳಿ ಅತ್ತುಬಿಟ್ಟ. ಮಾರನೆಯ ದಿನ ಪಾರಿವಾಳಗಳನ್ನು ನಮ್ಮ ಹಿತ್ತಿಲಲ್ಲಿ ಹಾರಿಬಿಟ್ಟು, ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೊರಟುಹೋದ. ಆಮೇಲೆ ಅವನನ್ನು ಕಂಡವರಿಲ್ಲ.

ಬಿಸಿಲಿಗೆ ತಲೆ ತಿರುಗಿ ಹಾಗೆ ಕಂಡಿತು ಎಂದು ನನ್ನ ಗಂಡ ಸಾಯುವವರೆಗೂ ಹೇಳಿದರು. ಅವರ ಸಮಾಧಾನಕ್ಕೆ ಹೂಂ ಎಂದೆ. ಆದರೆ ಚೊಂಬು ಹಗುರಾಗುತ್ತಾ ಬಂದದ್ದು ನನ್ನ ಕೈಗೆ ಗೊತ್ತು. ದೆವ್ವ ಉಂಟೋ ಇಲ್ಲವೋ ಎಂಬುದರ ಚಿಂತೆ ನನಗೆ ಈಗಲೂ ಇಲ್ಲ. ನನ್ನನ್ನು ತಿನ್ನುವುದು ಬೇರೆ. ನಾನು ನೀರು ಹೊಯ್ಯುತ್ತಿದ್ದಾಗ ಪೆಟ್ಟಿಗೆಯೊಳಗಿದ್ದ ನರಸಮ್ಮ ಸತ್ತಿದ್ದಳೋ, ಬದುಕಿದ್ದಳೋ? ಹೆಣ ನೋಡಿದ ಡಾಕ್ಟರಿಂದಲೂ ಅದನ್ನು ಹೇಳಲಾಗಲಿಲ್ಲ, ಯಾರಿಂದಲೂ ಆಗದು. ಸತ್ತಿದ್ದಳು, ಬಾಯಾರಿ ಬಂದಳು, ಕುಡಿದು ತಣ್ಣಗಾದಳು ಎಂದುಕೊಂಡ ದಿನ ನನಗೆ ನಿದ್ದೆ ಬರುತ್ತದೆ. ಬದುಕಿದ್ದಳು ಎಂದುಕೊಂಡರೆ, ಅವಳು ಆ ಕತ್ತಲೆಯಲ್ಲಿ ಇನ್ನೂ ಬೆರಳಾಡಿಸುತ್ತಿದ್ದಳು, ಅವಳನ್ನು ಉಳಿಸಲೆಂದು ಓಡಿ ಬಂದವಳು ನಾನೊಬ್ಬಳೇ. ಹಾಗಿದ್ದರೆ ಅವಳದೇ ಮುಖ ಹೊತ್ತು ದಾರಿಯಲ್ಲಿ ಕೂತು, ನನ್ನ ಕೈಯಿಂದ ನೀರು ಕುಡಿದು, ಯಾರಿಗೂ ಹೇಳಬೇಡ ಎಂದು ನನ್ನನ್ನು ವಾಪಸು ಕಳಿಸಿದ್ದು ಯಾರು?