ಹುಲಿಗೆಮ್ಮ ತುಂಬಿದ ಬಾಟಲಿ

೨೦೦೬ರ ಹಿಂಗಾರು. ಹೊಸಪೇಟೆಯ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ನಾನು ಕೆಮಿಸ್ಟ್ ಆಗಿದ್ದೆ. ಅದಿರು ಲಾರಿಗಳ ಕೆಂಧೂಳು ನಮ್ಮ ಬಿಳಿ ಕೋಟುಗಳನ್ನೂ ಬಿಟ್ಟಿರಲಿಲ್ಲ. ಯಶವಂತನಗರದ ಆಚೆಯ ಒಂದು ಹಳ್ಳಿಯವರು, ಹಳ್ಳದ ನೀರು ಕೆಂಪಾಗಿ ದನಗಳೂ ಮೂತಿ ತಿರುವುತ್ತಿವೆ ಎಂದು ಅರ್ಜಿ ಕೊಟ್ಟರು. ಅದಕ್ಕೆ ಯಾವ ಜಾಗ ಕಾರಣ ಎಂದು ಪತ್ತೆ ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು.

ವಿಧಾನ ಸರಳ. ಹಳ್ಳ ಕಾಡಿನಿಂದ ಇಳಿಯುವಲ್ಲಿ ಒಂದು ಬಾಟಲಿ ನೀರು, ಅದಿರು ರಾಶಿ ಹಾಕುವ ಯಾರ್ಡ್ ದಾಟಿದ ಮೇಲೆ ಒಂದು, ಅದಕ್ಕೂ ಕೆಳಗೆ ಇಟ್ಟಿಗೆ ಭಟ್ಟಿ ದಾಟಿದ ಮೇಲೆ ಇನ್ನೊಂದು. ಟರ್ಬಿಡಿಟಿ, ಅಂದರೆ ರಾಡಿಯ ಅಳತೆ, ಎಲ್ಲಿ ಏರುತ್ತದೋ ಕಳ್ಳ ಅದರ ಮಗ್ಗುಲಲ್ಲೇ ಇರುತ್ತಾನೆ. ಮೊದಲೆರಡು ತಿಳಿಯಾಗಿದ್ದವು, ಮೂರನೆಯದು ಕೆಂಪು ರಾಡಿ. ತಪ್ಪು ಭಟ್ಟಿಯದೆಂದು ವರದಿ ಬರೆದೆ. ಅದನ್ನು ಮುಚ್ಚಿಸಲು ಪಂಚಾಯಿತಿ ಸಭೆಯೂ ಗೊತ್ತಾಯಿತು.

ಸಭೆಗೆ ಎರಡು ದಿನ ಮುಂಚೆ ಭಟ್ಟಿ ನಡೆಸುವ ಯಮನೂರಪ್ಪ ಪ್ರಯೋಗಾಲಯಕ್ಕೆ ಬಂದ. ಕೂಗಾಡಲಿಲ್ಲ. ಒದ್ದೆ ಬಟ್ಟೆ ಬಿಚ್ಚಿ ಮಣ್ಣಿನ ಮುದ್ದೆಯೊಂದನ್ನು ಮೇಜಿನ ಮೇಲಿಟ್ಟ.

“ಮೇಡಮ್ಮಾರ, ಇಟ್ಟಿಗಿ ಕೆಂಪಾಗೋದು ಸುಟ್ಟ ಮ್ಯಾಲ. ನಾ ತುಳಿಯೋದು ಕೆರಿ ಮಣ್ಣು. ಕರ್ರಗ ಐತಿ ನೋಡ್ರಿ.”

ಮೂರನೆಯ ಬಾಟಲಿಯ ತಳದಲ್ಲಿ ಕೂತಿದ್ದುದು ಕುಂಕುಮದಂಥ ಕೆಂಪು, ಅದಿರಿನ ಬಣ್ಣ. ಎಂ.ಎಸ್ಸಿ. ಓದಿದ ನನಗೆ ಇಷ್ಟು ಹೊಳೆದಿರಲಿಲ್ಲ. ಹಾಗಾದರೆ ಎರಡನೆಯ ಬಾಟಲಿ ತಿಳಿಯಾದದ್ದು ಹೇಗೆ? ಆಗ ನೆನಪಾಯಿತು, ಅದನ್ನು ತುಂಬಿದ್ದು ನಾನಲ್ಲ. ಯಾರ್ಡಿನ ಕೆಳಗಿನ ಹೊಲದ ಹುಲಿಗೆಮ್ಮ ನನ್ನನ್ನು ಕೆಸರಿಗೆ ಇಳಿಯಗೊಡದೆ, ಬೇವಿನ ನೆರಳಲ್ಲಿ ಕೂರಿಸಿ, ಚಹಾ ಕೊಟ್ಟು, ತಾವೇ ತುಂಬಿ ತಂದಿದ್ದರು.

ಮರುದಿನವೇ ಹೋಗಿ ಕೇಳಿದೆ. ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರ ಅನಿಸಿತು.

“ಬಂದೋರ ಕೈಯಾಗ ರಾಡಿ ನೀರು ಹೆಂಗ ಕೊಡ್ಲವ್ವಾ? ದಂಡ್ಯಾಗ ವರ್ತಿ ತೋಡಿ, ತಿಳೀನೀರು ತುಂಬೀನಿ.”

ವರ್ತಿ ಎಂದರೆ ಹಳ್ಳದ ಮರಳಲ್ಲಿ ತೋಡುವ ಗುಂಡಿ. ಮರಳೇ ನೀರನ್ನು ಸೋಸಿ ಕೊಡುತ್ತದೆ. ನಾನು ನಕ್ಕುಬಿಟ್ಟೆ. ಸೀರೆ ಎತ್ತಿ ಕಟ್ಟಿ ಹಳ್ಳಕ್ಕಿಳಿದೆ. ಈ ಸಲ ಯಾರ್ಡಿನ ಕೆಳಗಿನ ಬಾಟಲಿಯೂ ಕೆಂಪಾಯಿತು, ಭಟ್ಟಿಯ ಕೆಳಗಿನದಕ್ಕಿಂತ ಒಂದು ಕೈ ಹೆಚ್ಚೇ.

ಸಭೆಯಲ್ಲಿ ಮೊದಲು ನನ್ನ ತಪ್ಪನ್ನೇ ಓದಿದೆ. ಹಿರಿಯರೊಬ್ಬರು, ಮೇಡಮ್ಮಾರು ಚಹಾ ಕುಡಿದು ಯಮನೂರಪ್ಪನ ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕುತ್ತಿದ್ದರು ಎಂದು ಛೇಡಿಸಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಯಮನೂರಪ್ಪನೇ. ಯಾರ್ಡಿನವರು ಒಡ್ಡು ಹಾಕಿ, ಹೂಳು ತಡೆಯುವ ಗುಂಡಿ ತೋಡಬೇಕಾಯಿತು.

ಬಾಟಲಿಯ ಚೀಟಿಗೆ ಹಾಕುವ ಸಹಿ ಒಂದು ಮನೆಯ ಒಲೆ ಆರಿಸಬಲ್ಲದು ಎಂದು ಕಲಿತೆ. ನಿವೃತ್ತಿಯ ದಿನದವರೆಗೂ, ನಾನೇ ನೀರಿಗಿಳಿದು ತುಂಬದ ಬಾಟಲಿಗೆ ಒಣಗಿದ ಕೈಯಿಂದ ಸಹಿ ಹಾಕಲಿಲ್ಲ.