ಎರಡು ಹಿಸ್ಸೆಯಾದ ದನದ ಔಷಧದ ಪುಸ್ತಕ

ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ದುಡಿದು ನಿವೃತ್ತನಾದ ಮೇಲೆ ನನಗೆ ಹಳೆಯ ಪುಸ್ತಕಗಳ ಚಟ ಹತ್ತಿತು. ಬೈಲಹೊಂಗಲದಿಂದ ಬಸ್ಸು ಹಿಡಿದು ಸವದತ್ತಿ, ರಾಮದುರ್ಗದ ರದ್ದಿ ಅಂಗಡಿಗಳನ್ನು ಸುತ್ತುತ್ತೇನೆ. ಬಹಳ ಸಲ ಸಿಗುವುದು ಹರಿದ ಗೈಡುಗಳು, ಮದುವೆಯ ಕಾರ್ಡುಗಳು, ಸೀಮೆಎಣ್ಣೆ ಬಿದ್ದ ಪಂಚಾಂಗಗಳು. ಸೀನುತ್ತ ಮನೆಗೆ ಬಂದರೆ ಹೆಂಡತಿ ಬಚ್ಚಲದ ಕಡೆ ಕೈ ತೋರಿಸುತ್ತಾಳೆ.

ಹೋದ ವರ್ಷ ನಮ್ಮೂರಿನ ರದ್ದಿ ಅಂಗಡಿಯವನು ಫೋನ್ ಮಾಡಿದ. ಸಂಪಗಾಂವದಲ್ಲಿ ಅಣ್ಣತಮ್ಮಂದಿರು ಆಸ್ತಿ ಹಿಸ್ಸೆ ಮಾಡಿಕೊಂಡು ಹಳೆಯ ವಾಡೆ ಮನೆಯನ್ನು ಕೆಡವುತ್ತಿದ್ದಾರೆ, ಅಟ್ಟದ ಮೇಲೆ ಪುಸ್ತಕಗಳಿವೆಯಂತೆ, ತಾನು ಟೆಂಪೋ ಒಯ್ಯುವ ಮೊದಲು ಬೇಕಾದರೆ ನೋಡಿಕೊಂಡು ಬರಬೇಕೆಂದ. ನಾನು ಊಟ ಬಿಟ್ಟು ಓಡಿದೆ.

ಅಂಗಳದಲ್ಲಿ ತೊಲೆ, ಬಾಗಿಲು, ತಾಮ್ರದ ಹಂಡೆಗಳ ಮಗ್ಗುಲಲ್ಲಿ ಪುಸ್ತಕಗಳ ಗುಡ್ಡೆ ಬಿದ್ದಿತ್ತು. ಹಿರಿಯಣ್ಣ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ.

“ಎಲ್ಲಾ ತಗೊಂಡ ಹೋಗ್ರಿ, ಅಂಗಳ ಖಾಲಿ ಆದ್ರ ಸಾಕಾಗೇತಿ” ಎಂದ.

ಗುಡ್ಡೆಯ ತಳದಲ್ಲಿ ಅದು ಸಿಕ್ಕಿತು. ಎತ್ತು, ಎಮ್ಮೆಗಳ ರೋಗ ಮತ್ತು ಔಷಧಗಳ ಮೇಲೆ ಕನ್ನಡದಲ್ಲಿ ಅಚ್ಚಾದ ಹಳೆಯ ಪುಸ್ತಕ. ಪುಟಪುಟಕ್ಕೂ ಎತ್ತುಗಳ ಚಿತ್ರ. ಕಾಲುಬೇನೆ ಬಂದ ಎತ್ತು ಹೇಗೆ ನಿಲ್ಲುತ್ತದೆಂಬುದನ್ನು ನಾನು ಕಣ್ಣಾರೆ ಕಂಡ ಹಾಗೆಯೇ ಬರೆದಿದ್ದರು. ಹೊಲಿಗೆ ಬಿಟ್ಟು ಪುಸ್ತಕ ನಡುವೆ ಎರಡಾಗಿತ್ತು. ಸುಮ್ಮನೆ ಚೀಲಕ್ಕೆ ಹಾಕಿಕೊಂಡು ಏಳಬೇಕಿತ್ತು. ನಾನೋ ಕಿಸೆಯಿಂದ ವಸ್ತ್ರ ತೆಗೆದು, ಕೂಸಿನ ಮುಖ ಒರೆಸಿದ ಹಾಗೆ ಒರೆಸತೊಡಗಿದೆ. ಹಿರಿಯಣ್ಣ ಎಲೆ ಅಗಿಯುವುದನ್ನು ನಿಲ್ಲಿಸಿದ.

“ಏನ್ರಿ ಅದು?”

“ದನದ ಔಷಧದ ಪುಸ್ತಕರಿ.”

“ಎಷ್ಟ ಹಳೇದ?”

“ನೂರು ವರ್ಷದ ಮ್ಯಾಲ ಆಗಿರಬೇಕ್ರಿ.”

“ಹಂಗಾದ್ರ ಅದನ್ನ ಇಲ್ಲೇ ಇಡ್ರಿ. ಉಳದದ್ದು ಒಯ್ರಿ.”

ಅಷ್ಟರಲ್ಲಿ ಕಿತ್ತೂರಿನಲ್ಲಿ ಮನೆ ಕಟ್ಟಿಸಿಕೊಂಡಿದ್ದ ಅವನ ತಮ್ಮ ಬಂದ. ವಿಷಯ ತಿಳಿದು ಫೋನ್ ತೆಗೆದ. “ಇಂಥಾವು ಲಕ್ಷಕ್ಕ ಹೋಗತಾವಂತ ನೋಡಣ್ಣಾ, ಇಲ್ಲೇ ತೋರಿಸ್ಯಾರ” ಎಂದ. ಫೋನಿನಲ್ಲಿದ್ದದ್ದು ಬೇರೆ ಯಾವುದೋ ದೇಶದ ಚರ್ಮದ ಕಟ್ಟಿನ ಗ್ರಂಥ. ಅದೇ ಬೇರೆ, ಇದೇ ಬೇರೆ ಎಂದು ನಾನು ಹೇಳಿದೆ. ಇಬ್ಬರೂ ನನ್ನನ್ನು ಕಳ್ಳನ ಹಾಗೆ ನೋಡಿದರು. ಹಿಸ್ಸೆಯ ಮಾತಿನಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ನನ್ನ ವಿಷಯದಲ್ಲಿ ಮಾತ್ರ ಒಂದಾದರು. ಆಮೇಲೆ ಪುಸ್ತಕ ಯಾರದೆಂದು ಜಗಳ ಶುರುವಾಯಿತು.

ಹಿಸ್ಸೆ ಮಾಡಿಸಲು ಬಂದಿದ್ದ ಅವರ ಸೋದರಮಾವ ಎದ್ದು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡ. “ಅದು ತಾನ ಎರಡ ಆಗೇತಿ. ಇನ್ನ ಯಾಕ ತಲಿ ಕೆಡಿಸ್ಕೋತೀರಿ?” ಎಂದವನೇ, ಉಳಿದಿದ್ದ ನಾಲ್ಕು ದಾರ ಹರಿದು, ಮುಂದಿನ ಅರ್ಧ ಅಣ್ಣನಿಗೆ, ಹಿಂದಿನ ಅರ್ಧ ತಮ್ಮನಿಗೆ ಕೊಟ್ಟ. “ಹಂಗ ಮಾಡಬ್ಯಾಡ್ರಿ ಯಜಮಾನ್ರ” ಎಂದು ನಾನು ಹೇಳುವ ಹೊತ್ತಿಗೆ ಎಲ್ಲ ಮುಗಿದಿತ್ತು. ನೆಲಕ್ಕೆ ಬಿದ್ದ ದಾರದ ತುಂಡುಗಳನ್ನು ಆರಿಸಿ ಕಿಸೆಗೆ ಹಾಕಿಕೊಂಡೆ.

ತಿಂಗಳು ಬಿಟ್ಟು ಅಣ್ಣನ ಹೊಸ ಮನೆಗೆ ಹೋದೆ. ಪುಸ್ತಕ ದೇವರ ಜಗಲಿಯ ಮೇಲಿತ್ತು. ಹಿರಿಯರು ಬಳಸಿದ್ದೆಂದು ಅವನ ಹೆಂಡತಿ ಮೊದಲ ಪುಟಕ್ಕೆ ವಿಭೂತಿ ಹಚ್ಚಿ, ಹೂ ಏರಿಸಿದ್ದಳು. ಅಚ್ಚಿನ ಅಕ್ಷರದ ಮೇಲೆಲ್ಲ ಹೂವಿನ ನೀರು ಇಳಿದಿತ್ತು.

“ಅವ್ವಾರ, ಅದು ದೇವರ ಪುಸ್ತಕ ಅಲ್ಲರಿ. ಎಮ್ಮಿ ಹೊಟ್ಟಿ ಉಬ್ಬಿದ್ದರ ಮ್ಯಾಲ ಬರದಾರ.”

“ಇರಲಿ ಬಿಡ್ರಿ. ನಮಗೇನ ಓದಾಕ ಬೇಕಾಗೇತಿ?” ಎಂದಳು ಆಕೆ, ಶಾಂತವಾಗಿ. ಓದುವುದಿದ್ದರೆ ಸೋಮವಾರ ಸ್ನಾನ ಮಾಡಿಕೊಂಡು ಬನ್ನಿ ಎಂದಳು.

ಹೋದೆ. ಒದ್ದೆ ತಲೆಯಲ್ಲಿ ಬಸ್ಸಿನಲ್ಲಿ ನಿಂತು, ಎಷ್ಟೋ ಸೋಮವಾರ ಹೋದೆ. ಜಗಲಿಯ ಮುಂದೆ ಕುಳಿತು ಒಂದೊಂದೇ ಪುಟದ ಫೋಟೋ ತೆಗೆದೆ. ನಡುನಡುವೆ ಆಕೆ ಬಂದು ಊದುಬತ್ತಿ ಹಚ್ಚುತ್ತಿದ್ದಳು, ಹೊಗೆಯಿಂದಾಗಿ ಫೋಟೋ ಮತ್ತೆ ತೆಗೆಯಬೇಕಾಗುತ್ತಿತ್ತು. ಪ್ರತಿ ಸಲವೂ ಉಪ್ಪಿಟ್ಟು ಕೊಟ್ಟಳು, ಅದನ್ನು ಮರೆಯಬಾರದು. ಮುಂದಿನ ಅರ್ಧ ಮುಗಿದಾಗ ಗೊತ್ತಾಯಿತು, ಅದರಲ್ಲಿದ್ದದ್ದು ರೋಗಗಳ ಲಕ್ಷಣ ಮಾತ್ರ. ಔಷಧಗಳೆಲ್ಲ ಹಿಂದಿನ ಅರ್ಧದಲ್ಲಿ, ಕಿತ್ತೂರಿನಲ್ಲಿ.

ತಮ್ಮ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟೇಪು ಬಡಿದು, ಟ್ರೆಜರಿಯಲ್ಲಿ, ಅಂದರೆ ಕಬ್ಬಿಣದ ಕಪಾಟಿನಲ್ಲಿ, ಕೀಲಿ ಹಾಕಿ ಇಟ್ಟಿದ್ದ.

“ಗಾಳಿ ಇಲ್ಲಂದ್ರ ಬೂಷ್ಟ ಹಿಡೀತೈತ್ರಿ. ಒಂದ ಸಲ ತಗೀರಿ, ಫೋಟೋ ಹೊಡಕೊಂಡು ನಾನ ಬೇವಿನ ತಪ್ಪಲ ಹಾಕಿ ಕಟ್ಟಿ ಕೊಡತೇನಿ.”

“ತಗದ್ರ ರೇಟ್ ಕಡಿಮಿ ಆಗತೈತಂತ್ರಿ. ಫೋನಿನ್ಯಾಗ ಒಬ್ಬಾವ ಹೇಳ್ಯಾನ.”

“ಅರ್ಧಾ ಪುಸ್ತಕಕ್ಕ ಯಾರ ರೇಟ್ ಕೊಡತಾರ್ರಿ?”

“ಅದಕ್ಕ ಅಣ್ಣಾಗ ನೀವ ಹೇಳ್ರಿ, ಅವನ ಅರ್ಧಾ ನನಗ ಕೊಡ್ಲಿ ಅಂತ.”

ಅಣ್ಣನಿಗೆ ಹೇಳಿದೆ. ದೇವರನ್ನು ಯಾರಾದರೂ ಕೊಡುತ್ತಾರೆಯೇ ಎಂದು ಅವನು ನನ್ನನ್ನೇ ಕೇಳಿದ.

ಈಗಲೂ ಎರಡು ತಿಂಗಳಿಗೊಮ್ಮೆ ಕಿತ್ತೂರಿಗೆ ಹೋಗುತ್ತೇನೆ. ತಮ್ಮ ಚಹಾ ಕುಡಿಸುತ್ತಾನೆ, ಕೀಲಿಯನ್ನು ಮಾತ್ರ ಸೊಂಟದಿಂದ ತೆಗೆಯುವುದಿಲ್ಲ. ಹೋದ ಸಲ ಟ್ರೆಜರಿಯ ಬಾಗಿಲು ತೆರೆದು, ದೂರದಿಂದ ಆ ಗಂಟನ್ನು ತೋರಿಸಿದ. ಪ್ಲಾಸ್ಟಿಕ್ಕಿನ ಒಳಮಗ್ಗುಲಿಗೆ ಸಣ್ಣ ಸಣ್ಣ ನೀರ ಹನಿ ಕೂತಿದ್ದವು. ಹೇಳಿದೆ. “ಏನೂ ಆಗೂದಿಲ್ಲ ಬಿಡ್ರಿ” ಎಂದು ಬಾಗಿಲು ಮುಚ್ಚಿದ.